ಓದಲು ಕೊಟ್ಟ ಪುಸ್ತಕ ಮನೆಗೆ ಮರಳಬೇಕಾದರೆ

ಪ್ರಶ್ನೆ: ಮೈಸೂರಿನ ನಮ್ಮ ಬಡಾವಣೆಯ ಹದಿನೈದು ಮನೆಯವರು ಒಂದು ವಾಟ್ಸಾಪ್ ಗುಂಪು ಮಾಡಿಕೊಂಡಿದ್ದೇವೆ. ಯಾರು ಏನು ಓದುತ್ತಿದ್ದೇವೆ ಅಂತ ಹಾಕುತ್ತೇವೆ, ಬೇಕಾದವರು ಕೇಳಿ ಒಯ್ಯುತ್ತಾರೆ. ವರ್ಷ ತುಂಬುವಷ್ಟರಲ್ಲಿ ಹತ್ತಾರು ಪುಸ್ತಕ ಯಾರ ಮನೆಯಲ್ಲಿವೆ ಅನ್ನುವುದೇ ಗೊತ್ತಿಲ್ಲ. ಕೇಳಿದರೆ ‘ಅವತ್ತೇ ಕೊಟ್ಟೆನಲ್ಲ’ ಅನ್ನುತ್ತಾರೆ. ವಾಪಸ್ ಬಂದವುಗಳಲ್ಲಿ ಒಂದೆರಡು ಮಳೆಯಲ್ಲಿ ನೆಂದಿದ್ದವು. ನಿಯಮ ಮಾಡಿದರೆ ಸಲುಗೆ ಕೆಡುತ್ತದೆ ಎಂಬ ಭಯ. ಮಾತುಕತೆಯೂ ಈಗ ‘ಚೆನ್ನಾಗಿದೆ, ಓದಿ’ ಎಂಬಲ್ಲಿಗೆ ನಿಂತಿದೆ. ಬೇರೆ ಊರಿಗೆ ಹೋದ ಇಬ್ಬರು ಗೆಳೆಯರೂ ಸೇರಿಕೊಳ್ಳುತ್ತೇವೆ ಅನ್ನುತ್ತಿದ್ದಾರೆ. ಇದನ್ನು ಹೇಗೆ ನಡೆಸಬೇಕು?

ಉತ್ತರ: ‘ಕೊಟ್ಟೆನಲ್ಲ’ ಅನ್ನುವವರು ಬಹಳ ಸಲ ಸುಳ್ಳು ಹೇಳುತ್ತಿರುವುದಿಲ್ಲ. ಕೊಟ್ಟಿರುತ್ತಾರೆ, ಆದರೆ ನಿಮಗಲ್ಲ, ಮೂರನೆಯವರಿಗೆ. ‘ನೀವು ಮುಗಿಸಿದ ಮೇಲೆ ನನಗೆ ಕೊಡಿ’ ಅಂತ ಯಾರೋ ಕೇಳಿರುತ್ತಾರೆ, ಇವರು ಗೇಟಿನ ಹತ್ತಿರ ಕೊಟ್ಟುಬಿಟ್ಟಿರುತ್ತಾರೆ. ಪುಸ್ತಕ ಯಾರದು ಎಂದು ಆ ಮೂರನೆಯವರಿಗೆ ಗೊತ್ತಿರುವುದಿಲ್ಲ, ಕೊಟ್ಟವರಿಗೆ ನೆನಪಿರುವುದಿಲ್ಲ. ಸ್ನೇಹಿತರ ನಡುವೆ ಓಡಾಡುವ ಪುಸ್ತಕ ಕಳೆಯುವುದು ಮೊದಲ ಕೈಯಲ್ಲಿ ಅಲ್ಲ, ಈ ಎರಡನೆಯ ಕೈದಾಟಿನಲ್ಲಿ. ಹಾಗಾಗಿ ನೀವು ಮಾಡಲೇಬೇಕಾದ ನಿಯಮ ಒಂದೇ: ಒಯ್ದವರೇ ತಂದುಕೊಡಬೇಕು. ಮಧ್ಯೆ ಇನ್ನೊಬ್ಬರಿಗೆ ಬೇಕಾದರೂ ಪುಸ್ತಕ ಒಮ್ಮೆ ಒಡೆಯರ ಮನೆಗೆ ಬಂದು, ಬರೆಸಿಕೊಂಡು, ಆಮೇಲೆ ಹೋಗಬೇಕು. ಒಂದೇ ಬಡಾವಣೆಯಲ್ಲಿ ಇದು ಐದು ನಿಮಿಷದ ನಡಿಗೆ. ಉಳಿದದ್ದೆಲ್ಲ ಈ ನಿಯಮವನ್ನು ಬಾಯಿಬಿಟ್ಟು ಹೇಳದೆ ನಡೆಸಿಕೊಂಡು ಹೋಗುವ ವ್ಯವಸ್ಥೆ.

ಮೊದಲು ಈಗಾಗಲೇ ಕಾಣೆಯಾಗಿರುವವುಗಳ ಮಾತು. ‘ನನ್ನ ಪುಸ್ತಕ ಯಾರ ಹತ್ತಿರ ಇದೆ?’ ಎಂದು ಗುಂಪಿನಲ್ಲಿ ಕೇಳಬೇಡಿ. ಯಾರೂ ಎದ್ದು ಹುಡುಕುವುದಿಲ್ಲ, ತನ್ನ ಹತ್ತಿರ ಇಲ್ಲ ಎಂದೇ ಪ್ರತಿಯೊಬ್ಬರೂ ನಂಬಿರುತ್ತಾರೆ. ಅದರ ಬದಲು ಒಂದು ಭಾನುವಾರ ಎಲ್ಲರೂ ತಮ್ಮ ಕಪಾಟಿನ ಫೋಟೊ ಹಾಕಲಿ. ಒಂದೊಂದು ಹಲಗೆಗೂ ಒಂದೊಂದು ಫೋಟೊ, ಎರಡಡಿ ದೂರದಿಂದ, ಪುಸ್ತಕದ ಬೆನ್ನಿನ ಮೇಲಿನ ಅಕ್ಷರ ಓದುವಂತಿರಬೇಕು. ತೀರ ತೆಳ್ಳಗಿನ ಪುಸ್ತಕಗಳ ಬೆನ್ನಿನಲ್ಲಿ ಹೆಸರಿರುವುದಿಲ್ಲ, ಅವನ್ನು ಹೊರತೆಗೆದು ನೆಲದ ಮೇಲೆ ಹರಡಿ ತೆಗೆಯಲಿ. ಪುಸ್ತಕದ ಒಡೆಯರು ತಮ್ಮದನ್ನು ತಾವೇ ಗುರುತು ಹಿಡಿಯುತ್ತಾರೆ. ಓದುವವರಿಗೆ ಇನ್ನೊಬ್ಬರ ಕಪಾಟು ನೋಡುವ ಚಪಲ ಇದ್ದೇ ಇರುತ್ತದೆ, ಆದ್ದರಿಂದ ಇದು ತಪಾಸಣೆ ಅನ್ನಿಸುವುದಿಲ್ಲ. ಫೋಟೊ ಹಾಕಲು ಇಷ್ಟವಿಲ್ಲದವರನ್ನು ಒತ್ತಾಯ ಮಾಡಬೇಡಿ. ಮಿಕ್ಕವರು ಹಾಕಿದ್ದು ನೋಡಿ ಅವರೂ ಒಮ್ಮೆ ತಮ್ಮ ಕಪಾಟು ತಿರುವಿಹಾಕುತ್ತಾರೆ. ಮಂಚದ ಪಕ್ಕ, ಕಾರಿನ ಹಿಂದಿನ ಸೀಟು, ಆಫೀಸಿನ ಡ್ರಾಯರ್, ಈ ಮೂರು ಜಾಗ ನೋಡಲು ಮಾತ್ರ ಬಿಡಿಸಿ ಹೇಳಿ.

ಇನ್ನು ಮುಂದಿನದು. ಲೆಕ್ಕ ಇಡಬೇಕು ಅಂದ ತಕ್ಷಣ ಎಲ್ಲರೂ ಗೂಗಲ್ ಶೀಟ್ ಮಾಡುತ್ತಾರೆ. ಶೀಟ್ ಕೆಡುವುದು ಒಂದೇ ಕಾರಣಕ್ಕೆ: ಪುಸ್ತಕ ಕೈ ಬದಲಾಗುವುದು ಬಾಗಿಲಲ್ಲಿ, ಶೀಟ್ ತುಂಬುವುದು ‘ಆಮೇಲೆ’. ಆ ಆಮೇಲೆ ಬರುವುದಿಲ್ಲ. ಮೂರು ತಿಂಗಳಲ್ಲಿ ಶೀಟಿಗೂ ವಾಸ್ತವಕ್ಕೂ ಸಂಬಂಧ ಉಳಿಯುವುದಿಲ್ಲ, ಆಮೇಲೆ ಯಾರೂ ಅದನ್ನು ತೆರೆಯುವುದಿಲ್ಲ. ಲೆಕ್ಕ ಪುಸ್ತಕದೊಳಗೇ ಇರಬೇಕು, ಪುಸ್ತಕ ಕೊಡುವಾಗಲೇ ಕೈಗೆ ಸಿಗಬೇಕು. ಗ್ರಂಥಾಲಯಗಳು ನೂರು ವರ್ಷಕ್ಕೂ ಹಿಂದೆಯೇ ಇದಕ್ಕೆ ದಾರಿ ಕಂಡುಕೊಂಡಿವೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಮೆರಿಕದ ನೀನಾ ಬ್ರೌನ್ ರೂಪಿಸಿದ ಚೀಟಿ ಪದ್ಧತಿ ನಮ್ಮ ಕಾಲೇಜು ಗ್ರಂಥಾಲಯಗಳಲ್ಲಿ ಬಹಳ ಕಾಲ ನಡೆದಿತ್ತು. ಓದುಗನ ಹೆಸರಿನ ಸಣ್ಣ ಟಿಕೆಟ್ಟು ಒಂದು ಜೇಬಿನಂತೆ ಇರುತ್ತದೆ. ಪುಸ್ತಕದೊಳಗಿನ ಚೀಟಿಯನ್ನು ಆ ಜೇಬಿಗೆ ಸೇರಿಸಿ ಗ್ರಂಥಪಾಲಕರು ಇಟ್ಟುಕೊಳ್ಳುತ್ತಾರೆ, ಪುಸ್ತಕ ಓದುಗನ ಕೈಗೆ ಹೋಗುತ್ತದೆ. ಕಂಪ್ಯೂಟರ್ ಬಂದ ಮೇಲೆ ಇದು ಮರೆಯಾಯಿತು. ಹದಿನೈದು ಮನೆಗಳ ಮಟ್ಟಕ್ಕೆ ಇದಕ್ಕಿಂತ ಒಳ್ಳೆಯದು ಇನ್ನೂ ಸಿಕ್ಕಿಲ್ಲ ಎಂದೇ ಹೇಳಬೇಕು.

ನಿಮಗೆ ಬೇಕಾದಷ್ಟಕ್ಕೆ ಇಳಿಸಿದರೆ ಹೀಗೆ. ದಪ್ಪನೆಯ ಎ4 ಹಾಳೆಯನ್ನು (200 ಜಿಎಸ್‌ಎಂ, ಅಂದರೆ ಚದರ ಮೀಟರಿಗೆ 200 ಗ್ರಾಂ ತೂಗುವುದು ಸಾಕು) ಎಂಟು ಭಾಗ ಮಾಡಿ ಕತ್ತರಿಸಿ. ಒಂದೊಂದು ಚೀಟಿ ಸುಮಾರು 7.4 × 10.5 ಸೆಂ.ಮೀ. ಬರುತ್ತದೆ, ಡೆಮಿ ಎನ್ನುವ ಸಾಮಾನ್ಯ ಗಾತ್ರದ ಕನ್ನಡ ಪುಸ್ತಕದೊಳಗೆ ಹಾಯಾಗಿ ಕೂರುತ್ತದೆ. ಚೀಟಿಯ ತಲೆಯಲ್ಲಿ ಪುಸ್ತಕದ ಸಂಖ್ಯೆ, ಹೆಸರು, ಲೇಖಕರು. ಕೆಳಗೆ ನಾಲ್ಕು ಕಾಲಂ: ಒಯ್ದವರು, ಒಯ್ದ ದಿನ, ತರಬೇಕಾದ ದಿನ, ಬಂದ ದಿನ. ಎರಡೂ ಬದಿ ಬಳಸಿದರೆ ಒಂದು ಚೀಟಿ ಇಪ್ಪತ್ತು ಜನರವರೆಗೆ ಸಾಲುತ್ತದೆ. ಚೀಟಿ ನಿಲ್ಲಲು ಹಿಂಬದಿಯ ರಟ್ಟಿನ ಒಳಗೆ ಒಂದು ಜೇಬು ಬೇಕು. ಮುಯ್ಯಿ ಕವರನ್ನು ಅಡ್ಡಲಾಗಿ ಅರ್ಧ ಕತ್ತರಿಸಿ, ತಳದ ಭಾಗವನ್ನು ಅಂಟಿಸಿದರೆ ಆಯಿತು. ಚೀಟಿ ಒಳಗೆ ಹೋಗುವಷ್ಟು ಅಗಲ ಇದೆಯೇ ಎಂದು ಮೊದಲೇ ನೋಡಿಕೊಳ್ಳಿ. ಅಂಟು ಕವರಿನ ನಾಲ್ಕು ಮೂಲೆಗೆ ಒಂದೊಂದು ಚುಕ್ಕಿ ಸಾಕು. ಪೂರ್ತಿ ಬಳಿದರೆ ರಟ್ಟು ತೇವ ಹೀರಿ ಸೊಟ್ಟಗಾಗುತ್ತದೆ.

ಪುಸ್ತಕ ಕೊಡುವಾಗ ಚೀಟಿ ಹೊರತೆಗೆದು, ಒಯ್ಯುವವರ ಕೈಯಲ್ಲೇ ಅವರ ಹೆಸರು, ದಿನ ಬರೆಸಿ. ನೀವು ಬರೆದುಕೊಳ್ಳಬೇಡಿ. ಅವರದೇ ಕೈಬರಹ ಇದ್ದರೆ ‘ನಾನು ಒಯ್ದೇ ಇಲ್ಲ’ ಎಂಬ ಮಾತೇ ಹುಟ್ಟುವುದಿಲ್ಲ, ಬರೆದ ದಿನ ಅವರಿಗೂ ನೆನಪಿರುತ್ತದೆ. ಚೀಟಿ ನಿಮ್ಮ ಮನೆಯಲ್ಲಿ ಉಳಿಯುತ್ತದೆ. ಒಂದು ಖಾಲಿ ಡಬ್ಬಿಯಲ್ಲಿ, ಬೇಗ ಬರಬೇಕಾದದ್ದು ಮುಂದೆ ಬರುವಂತೆ ನಿಲ್ಲಿಸಿ. ಪುಸ್ತಕ ಬಂದಾಗ ಆ ಸಾಲಿನ ಕೊನೆಯ ಕಾಲಂ ತುಂಬಿ, ಅವರ ಎದುರಿಗೇ ಚೀಟಿಯನ್ನು ಜೇಬಿಗೆ ಹಾಕಿ. ಡಬ್ಬಿಯಲ್ಲಿ ಚೀಟಿ ಇದೆ ಅಂದರೆ ಪುಸ್ತಕ ಹೊರಗಿದೆ, ಅಷ್ಟೆ. ತಿಂಗಳಿಗೊಮ್ಮೆ ಡಬ್ಬಿಯ ಫೋಟೊ ತೆಗೆದಿಟ್ಟರೆ ಡಬ್ಬಿಯೇ ಕಳೆದರೂ ಲೆಕ್ಕ ಉಳಿಯುತ್ತದೆ.

ಸಂಖ್ಯೆ ಯಾಕೆ ಬೇಕು ಅನ್ನಿಸಬಹುದು. ಕನ್ನಡ ಹೆಸರುಗಳನ್ನು ವಾಟ್ಸಾಪಿನಲ್ಲಿ ಹುಡುಕಿ ನೋಡಿದವರಿಗೆ ಇದು ಗೊತ್ತು. ಒಬ್ಬರು ಕನ್ನಡ ಲಿಪಿಯಲ್ಲಿ ಬರೆದಿರುತ್ತಾರೆ, ಇನ್ನೊಬ್ಬರು ಇಂಗ್ಲಿಷ್ ಅಕ್ಷರದಲ್ಲಿ, ಅದರಲ್ಲೂ ಒಬ್ಬೊಬ್ಬರದು ಒಂದೊಂದು ಕಾಗುಣಿತ. ಲೇಖಕರ ಮೊದಲಕ್ಷರಗಳ ನಡುವೆ ಚುಕ್ಕಿ, ಜಾಗ ಬಿಟ್ಟರೆ ಒಂದು, ಬಿಡದಿದ್ದರೆ ಇನ್ನೊಂದು. ಹಳೆಯ ಕಡತದಿಂದ ಫೋನುಗಳು ಬಳಸುವ ಯುನಿಕೋಡ್ ಅಲ್ಲದ ‘ನುಡಿ’ ಫಾಂಟಿನ ಅಕ್ಷರದಲ್ಲಿ ಪಟ್ಟಿ ತಂದು ಹಾಕಿದರೆ ಹುಡುಕಾಟಕ್ಕೆ ಸಿಗುವುದೇ ಇಲ್ಲ. ‘12-7’ ಎಂದರೆ ಹನ್ನೆರಡನೆಯ ಮನೆಯ ಏಳನೆಯ ಪುಸ್ತಕ, ಇದರಲ್ಲಿ ಗೊಂದಲಕ್ಕೆ ಜಾಗವಿಲ್ಲ. ಈ ಸಂಖ್ಯೆಯನ್ನು ಹೆಸರಿನ ಪುಟದಲ್ಲಿ ಪೆನ್ಸಿಲಿನಿಂದ ಬರೆಯಿರಿ, ಇನ್ನೊಮ್ಮೆ ಒಳಗಿನ ಒಂದು ಗೊತ್ತಾದ ಪುಟದಲ್ಲಿ, ಉದಾಹರಣೆಗೆ ಎಲ್ಲ ಪುಸ್ತಕಗಳ 51ನೇ ಪುಟದಲ್ಲಿ ಬರೆಯಿರಿ. ಮೊದಲ ಪುಟ ಹರಿದುಹೋದರೂ ಗುರುತು ಉಳಿಯಲಿ ಎಂದು ಗ್ರಂಥಾಲಯಗಳು ಹೀಗೆ ಒಳಪುಟದಲ್ಲೂ ಮುದ್ರೆ ಒತ್ತುತ್ತವೆ. ಬಾಲ್‌ಪೆನ್ ಬೇಡ, ಅದರ ಒತ್ತು ಹಿಂದಿನ ನಾಲ್ಕು ಪುಟಗಳಲ್ಲಿ ಮೂಡುತ್ತದೆ.

ಎಷ್ಟು ದಿನಕ್ಕೆ ಕೊಡಬೇಕು? ಗ್ರಂಥಾಲಯದವರು ಎರಡು ವಾರ ಅನ್ನುತ್ತಾರೆ, ಕೆಲಸಕ್ಕೆ ಹೋಗುವವರಿಗೆ ಅದು ಸಾಲದು. ದಿನಕ್ಕೆ ಅರ್ಧ ಗಂಟೆ ಓದುವವರು ಸುಮಾರು 15 ಪುಟ ಮುಗಿಸುತ್ತಾರೆ ಎಂದಿಟ್ಟುಕೊಳ್ಳಿ. 240 ಪುಟದ ಕಾದಂಬರಿಗೆ 16 ದಿನ, ನಡುವೆ ನೆಂಟರು, ಹಬ್ಬ, ಜ್ವರ ಸೇರಿದರೆ ಮೂರು ವಾರ. ಆದ್ದರಿಂದ 21 ದಿನ. ಐನೂರು ಪುಟ ದಾಟಿದ್ದಕ್ಕೆ ಆರು ವಾರ. ಕವನ ಸಂಕಲನ ತೆಳ್ಳಗಿದೆ ಎಂದು ವಾರಕ್ಕೆ ಕೇಳಬೇಡಿ, ಅದು ಓದಿಸಿಕೊಳ್ಳುವ ವೇಗವೇ ಬೇರೆ, ಅದಕ್ಕೂ ಮೂರು ವಾರವೇ ಇರಲಿ. ಬೇರೆ ಯಾರೂ ಕಾಯುತ್ತಿಲ್ಲ ಅಂದರೆ ಒಮ್ಮೆ ಮುಂದುವರಿಸಬಹುದು. ಒಬ್ಬರ ಬಳಿ ಒಟ್ಟಿಗೆ ಎರಡು ಪುಸ್ತಕ ಮಾತ್ರ. ಮೂರನೆಯದು ಕೈಗೆ ಬಂದ ಕೂಡಲೇ ಮೊದಲನೆಯದು ಅಡಿಗೆ ಹೋಗುತ್ತದೆ, ಅಲ್ಲಿಂದ ಮೇಲೆ ಬರುವುದಿಲ್ಲ.

ಒಂದೇ ಪುಸ್ತಕಕ್ಕೆ ಹಲವರು ಬಿದ್ದಾಗ ಸರದಿ ಹಚ್ಚಿ, ಕಾಯುವವರ ಹೆಸರನ್ನು ಚೀಟಿಯ ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ಬರೆಯಿರಿ. ನಾಲ್ಕು ಜನ ಕಾಯುತ್ತಿದ್ದರೆ ನಾಲ್ಕನೆಯವರಿಗೆ ಸಿಗುವುದು ಸುಮಾರು ಮೂರು ತಿಂಗಳ ಮೇಲೆ. ಅಷ್ಟು ಹೊತ್ತಿಗೆ ಅವರ ಆಸೆ ಆರಿರುತ್ತದೆ. ಅಂಥ ಪುಸ್ತಕಕ್ಕೆ ನಾಲ್ವರೂ ಪಾಲು ಹಾಕಿ ಇನ್ನೊಂದು ಪ್ರತಿ ಕೊಳ್ಳುವುದೇ ಸರಿ. ಇಲ್ಲವೇ ನಗರ ಕೇಂದ್ರ ಗ್ರಂಥಾಲಯದಲ್ಲಿ ಹುಡುಕಿ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯಿದೆಯ ಪ್ರಕಾರ ನೀವು ಕಟ್ಟುವ ಆಸ್ತಿ ತೆರಿಗೆಯ ಮೇಲೆ ಶೇ. 6ರಷ್ಟು ಗ್ರಂಥಾಲಯ ಕರ ಹೋಗುತ್ತಿದೆ. ರಸೀತಿಯಲ್ಲಿ ನೋಡಿ, ಬೇರೆ ಸಾಲಿನಲ್ಲೇ ಇರುತ್ತದೆ. ದುಡ್ಡು ಕೊಟ್ಟ ಮೇಲೆ ಸದಸ್ಯತ್ವ ಮಾಡಿಸಿಕೊಳ್ಳದೆ ಇರುವುದು ಯಾವ ಜಾಣತನ? ಆದರೆ ಅಲ್ಲಿಂದ ನಿಮ್ಮ ಹೆಸರಿನಲ್ಲಿ ತಂದ ಪುಸ್ತಕವನ್ನು ಗುಂಪಿನಲ್ಲಿ ತಿರುಗಿಸಬೇಡಿ. ಕಳೆದರೆ ಕಟ್ಟಿಕೊಡುವವರು ನೀವು.

ಈಗ ನಿಮ್ಮ ದೊಡ್ಡ ಭಯ, ಸಲುಗೆ ಕೆಡುವುದು. ಕೊಟ್ಟವರೇ ಕೇಳಬೇಕಾಗಿ ಬಂದಾಗ ಮಾತ್ರ ಅದು ಕೆಡುತ್ತದೆ. ಕೇಳುವವರಿಗೆ ಮುಜುಗರ, ಕೇಳಿಸಿಕೊಂಡವರಿಗೆ ಅವಮಾನ. ಹಾಗಾಗಿ ಕೇಳುವ ಕೆಲಸವನ್ನು ಮೂರನೆಯವರಿಗೆ ವಹಿಸಿ. ತಿಂಗಳಿಗೊಂದು ಮನೆಯಂತೆ ಸರದಿಯಲ್ಲಿ ಒಬ್ಬರು ನೆನಪಿಸುವ ಹೊಣೆ ಹೊರಲಿ. ಪ್ರತಿ ಶನಿವಾರ ಪುಸ್ತಕದ ಒಡೆಯರು ಮುಂದಿನ ವಾರ ಬರಬೇಕಾದ ಚೀಟಿಗಳ ಫೋಟೊವನ್ನು ಅವರಿಗೆ ಕಳಿಸುತ್ತಾರೆ, ಅವರು ಒಯ್ದವರಿಗೆ ಖಾಸಗಿಯಾಗಿ ಒಂದು ಸಾಲು ಹಾಕುತ್ತಾರೆ: ‘12-7 ಬುಧವಾರಕ್ಕೆ ಬರಬೇಕು. ಮುಗಿದಿಲ್ಲವಾದರೆ ಹೇಳಿ, ಮುಂದುವರಿಸೋಣ.’ ಎರಡನೆಯ ವಾಕ್ಯ ಬಹಳ ಮುಖ್ಯ. ಪುಸ್ತಕ ತಡವಾಗುವುದಕ್ಕೆ ಸಾಮಾನ್ಯ ಕಾರಣ ಓದಿ ಮುಗಿದಿಲ್ಲ ಎಂಬ ಸಂಕೋಚ. ಓದದೆ ಹಿಂದಿರುಗಿಸಲು ಜನ ನಾಚುತ್ತಾರೆ, ಇಟ್ಟುಕೊಂಡೇ ಇರುತ್ತಾರೆ. ಓದದೆ ಕೊಟ್ಟರೂ ಪರವಾಗಿಲ್ಲ ಎಂದು ಮೊದಲ ದಿನವೇ ಹೇಳಿಬಿಡಿ. ಗುಂಪಿನಲ್ಲಿ ಹೆಸರು ಹಾಕಿ ಕೇಳುವುದಂತೂ ಎಂದಿಗೂ ಬೇಡ.

ದಂಡ ಹಾಕಬೇಡಿ. ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯದಂಥ ದೊಡ್ಡ ಸಂಸ್ಥೆಯೇ 2021ರ ಅಕ್ಟೋಬರಿನಲ್ಲಿ ತಡವಾದ ಪುಸ್ತಕಗಳ ದಂಡವನ್ನು ಕೈಬಿಟ್ಟಿತು. ದಂಡಕ್ಕೆ ಹೆದರಿದವರು ಪುಸ್ತಕವನ್ನೂ ತರುವುದಿಲ್ಲ, ತಾವೂ ಬರುವುದಿಲ್ಲ. ಹಳೆಯದು ಬರುವವರೆಗೆ ಹೊಸದಿಲ್ಲ, ಇಷ್ಟೇ ಸಾಕು. ಕಳೆದರೆ ಅದೇ ಪುಸ್ತಕದ ಹೊಸ ಪ್ರತಿ ತಂದುಕೊಡಬೇಕು, ಪುಸ್ತಕದ ಮೇಲೆ ಅಚ್ಚಾದ ಬೆಲೆಯಲ್ಲ. ಇಪ್ಪತ್ತು ವರ್ಷದ ಹಿಂದಿನ ಪುಸ್ತಕದ ಮೇಲೆ 60 ರೂಪಾಯಿ ಇದ್ದರೆ, ಇವತ್ತಿನ ಮುದ್ರಣಕ್ಕೆ ಮೂರು ನಾಲ್ಕು ಪಟ್ಟು ಇರಬಹುದು.

ಹೊಸ ಪ್ರತಿ ಸಿಗದ ಪುಸ್ತಕಗಳನ್ನು ಈ ಓಡಾಟಕ್ಕೆ ಇಳಿಸಲೇಬಾರದು. ಕನ್ನಡದಲ್ಲಿ ಎಷ್ಟೋ ಪುಸ್ತಕ ಸಾವಿರ ಪ್ರತಿ ಅಚ್ಚಾಗಿ, ಆಮೇಲೆ ಮರುಮುದ್ರಣವನ್ನೇ ಕಾಣುವುದಿಲ್ಲ. ಕೊಡುವ ಮುನ್ನ ಅಂಗಡಿಯಲ್ಲೋ ಆನ್‌ಲೈನಿನಲ್ಲೋ ಸಿಗುತ್ತದೆಯೇ ನೋಡಿ. ಸಿಗದಿದ್ದರೆ ‘ಇಲ್ಲೇ ಕೂತು ಓದಿ’ ಅನ್ನಿ, ಕಾಫಿ ಕೊಡಿ. ಲೇಖಕರ ಸಹಿ ಇರುವುದು, ತಂದೆ ತಾಯಿ ಅಂಚಿನಲ್ಲಿ ಟಿಪ್ಪಣಿ ಬರೆದದ್ದು, ನಿಘಂಟು, ಫಾರಂ (ಒಟ್ಟಿಗೆ ಮಡಚಿ ಹೊಲಿದ ಹಾಳೆಗಳ ಕಟ್ಟು) ಸಡಿಲವಾದದ್ದು, ಇವೂ ಮನೆಯಲ್ಲೇ ಇರಲಿ. ಇಂಥವನ್ನು ಕಪಾಟಿನ ಬೇರೆ ಹಲಗೆಯಲ್ಲಿಟ್ಟರೆ ಕೇಳುವವರಿಗೂ ಸೂಚನೆ ಸಿಗುತ್ತದೆ.

ಕೊಡುವಾಗ, ತಗೊಳ್ಳುವಾಗ ಪುಸ್ತಕವನ್ನು ಒಮ್ಮೆ ನೋಡಿ. ನೋಡಬೇಕಾದದ್ದು ಮೂರೇ ಜಾಗ: ಬೆನ್ನಿನ ಮೇಲಿನ ಮತ್ತು ಕೆಳಗಿನ ತುದಿ, ಮೊದಲ ಹದಿನಾರು ಪುಟ, ಕೊನೆಯ ಹದಿನಾರು ಪುಟ. ಹೊಲಿದ ಪುಸ್ತಕದಲ್ಲಿ ಮೊದಲು ಕಳಚುವುದು ಈ ಮೊದಲ, ಕೊನೆಯ ಫಾರಂಗಳೇ. ಈಗಿನ ಬಹುಪಾಲು ಪುಸ್ತಕಗಳಿಗೆ ಹೊಲಿಗೆಯಿಲ್ಲ, ಬೆನ್ನಿಗೆ ಬಿಸಿ ಅಂಟು ಹಾಕಿ ಅಂಟಿಸಿರುತ್ತಾರೆ. ಅದನ್ನು 180 ಡಿಗ್ರಿ ಬಿಚ್ಚಿ ಮೇಜಿನ ಮೇಲೆ ಬೋರಲು ಹಾಕಿದರೆ ಅಂಟು ಬಿರಿದು ನಡುವಿನ ಹಾಳೆಗಳು ಒಂದೊಂದಾಗಿ ಉದುರುತ್ತವೆ. ಹೊಸ ಪುಸ್ತಕ ಕೊಳ್ಳುವಾಗಲೇ ಬೆನ್ನನ್ನು ಮೇಜಿಗಾನಿಸಿ, ಮುಂದಿನಿಂದ ಹತ್ತು ಹಾಳೆ, ಹಿಂದಿನಿಂದ ಹತ್ತು ಹಾಳೆ ಹೀಗೆ ಮೆಲ್ಲಗೆ ಒತ್ತುತ್ತ ನಡುವಿಗೆ ಬಂದರೆ ಬೆನ್ನು ಪಳಗುತ್ತದೆ. ಹಳೆಯ ಪುಸ್ತಕಗಳಿಗೆ ಪಕ್ಕದಿಂದ ಕಬ್ಬಿಣದ ಪಿನ್ನು ಹೊಡೆದಿರುತ್ತಾರೆ. ಅವು ತುಕ್ಕು ಹಿಡಿದು ಸುತ್ತಲಿನ ಕಾಗದವನ್ನು ತಿನ್ನುತ್ತವೆ. ಅಂಥದ್ದನ್ನು ಬೈಂಡರ್ ಹತ್ತಿರ ಕೊಟ್ಟು ಪಿನ್ನು ತೆಗೆಸಿ ದಾರದ ಹೊಲಿಗೆ ಹಾಕಿಸಿದ ಮೇಲೆ ಓಡಾಟಕ್ಕೆ ಬಿಡಿ.

ಹರಿದ ಹಾಳೆಗೆ ಸೆಲೋಟೇಪ್ ಹಚ್ಚಿ ಹಿಂದಿರುಗಿಸುವವರಿದ್ದಾರೆ. ಒಳ್ಳೆಯ ಮನಸ್ಸಿನಿಂದಲೇ ಮಾಡುತ್ತಾರೆ, ಆದರೆ ಹರಿದದ್ದಕ್ಕಿಂತ ಅದೇ ಹೆಚ್ಚು ಕೇಡು. ಕೆಲವೇ ವರ್ಷದಲ್ಲಿ ಟೇಪ್ ಹಳದಿಯಾಗಿ ಉದುರುತ್ತದೆ, ಅದರ ಅಂಟು ಕಾಗದದೊಳಗೆ ಇಳಿದು ಅಕ್ಷರದ ಮೇಲೆ ಕಂದು ಪಟ್ಟಿಯಾಗಿ ಉಳಿಯುತ್ತದೆ, ಪಕ್ಕದ ಪುಟವನ್ನೂ ಹಿಡಿದುಕೊಳ್ಳುತ್ತದೆ. ‘ಹರಿದರೆ ಹಾಗೇ ತನ್ನಿ’ ಎಂದು ಚೀಟಿಯ ಕೆಳಗೆ ಬರೆದುಬಿಡಿ. ಸರಿಮಾಡುವುದು ಸುಲಭ: ಒಂದು ಚಮಚ ಮೈದಾವನ್ನು ಐದಾರು ಚಮಚ ನೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಸಣ್ಣ ಉರಿಯಲ್ಲಿ ಗಾಜಿನಂತೆ ಹೊಳೆಯುವವರೆಗೆ ಕಾಯಿಸಿ, ಆರಿಸಿ. ಬೆರಳಗಲದ ತೆಳ್ಳಗಿನ ಟಿಶ್ಯೂ ಕಾಗದಕ್ಕೆ ಇದನ್ನು ತೆಳುವಾಗಿ ಹಚ್ಚಿ ಹರಿದ ಗೆರೆಯ ಮೇಲಿಡಿ. ಮೇಲೆ ಕೆಳಗೆ ಬೆಣ್ಣೆಕಾಗದ ಇಟ್ಟು ಭಾರ ಹೇರಿ ರಾತ್ರಿಯಿಡೀ ಬಿಡಿ. ಉಳಿದ ಅಂಟನ್ನು ಇಟ್ಟುಕೊಳ್ಳಬೇಡಿ, ಎರಡು ದಿನಕ್ಕೆ ಹುಳಿಯುತ್ತದೆ.

ನೆಂದ ಪುಸ್ತಕಕ್ಕೆ ತಡಮಾಡದೆ ಕೈಹಾಕುವುದೇ ಮದ್ದು. 48 ಗಂಟೆ ಕಳೆದರೆ ಬೂಸ್ಟು ಏಳುತ್ತದೆ. ಅಂಚು ಮಾತ್ರ ತೇವವಾಗಿದ್ದರೆ ಪುಸ್ತಕವನ್ನು ಬೀಸಣಿಗೆಯಂತೆ ಅರಳಿಸಿ, ನೆಟ್ಟಗೆ ನಿಲ್ಲಿಸಿ, ಫ್ಯಾನಿನ ಗಾಳಿ ನೇರ ಬಡಿಯದಂತೆ ಕೋಣೆಯಲ್ಲಿ ಆಡಿಸಿ. ಬಿಸಿಲಿಗೆ ಇಟ್ಟರೆ ಹಾಳೆ ಅಲೆಅಲೆಯಾಗುತ್ತದೆ, ರಟ್ಟು ಬಿಲ್ಲಿನಂತೆ ಬಾಗುತ್ತದೆ. ಪೂರ್ತಿ ತೊಯ್ದಿದ್ದರೆ ಬಲವಂತವಾಗಿ ಬಿಚ್ಚಬೇಡಿ. ಮೊದಲು ನೀರು ಬಸಿಯಲು ನಿಲ್ಲಿಸಿ, ಆಮೇಲೆ ಇಪ್ಪತ್ತು ಇಪ್ಪತ್ತೈದು ಹಾಳೆಗೊಂದು ಬಿಳಿ ಅಡುಗೆಮನೆ ಟಿಶ್ಯೂ ಇಟ್ಟು ಎರಡು ಮೂರು ಗಂಟೆಗೊಮ್ಮೆ ಬದಲಿಸಿ. ನ್ಯೂಸ್‌ಪೇಪರ್ ಇಡಬೇಡಿ, ಅದರ ಮಸಿ ಹತ್ತುತ್ತದೆ. ಮುಕ್ಕಾಲು ಭಾಗ ಒಣಗಿದ ಮೇಲೆ ಮುಚ್ಚಿ ಭಾರ ಹೇರಬೇಕು. ನುಣುಪು ಆರ್ಟ್ ಪೇಪರಿನ ಚಿತ್ರಪುಟಗಳು ಒಣಗುತ್ತಿದ್ದಂತೆ ಒಂದಕ್ಕೊಂದು ಅಂಟಿ ಕಲ್ಲಾಗುತ್ತವೆ, ಅವುಗಳ ನಡುವೆ ಮಾತ್ರ ತಕ್ಷಣವೇ ಹಾಳೆ ಹಾಕಿ. ಈಗಲೇ ಬಿಡುವಿಲ್ಲ ಅನ್ನುವುದಾದರೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಫ್ರೀಜರಿನಲ್ಲಿಡಿ, ಬೂಸ್ಟು ಅಲ್ಲಿಗೆ ನಿಲ್ಲುತ್ತದೆ, ಭಾನುವಾರ ತೆಗೆದು ಒಣಗಿಸಬಹುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜಿಪ್ ಇರುವ ಪ್ಲಾಸ್ಟಿಕ್ ಕವರಿನಲ್ಲೇ ಪುಸ್ತಕ ಕೊಡುವ ಅಭ್ಯಾಸ ಮಾಡಿದರೆ ಈ ರಗಳೆಯೇ ಇಲ್ಲ. ಮನೆ ತಲುಪಿದ ಮೇಲೆ ಹೊರಗೆ ತೆಗೆಯಬೇಕು ಅಷ್ಟೆ, ಒಳಗೇ ಬಿಟ್ಟರೆ ತೇವ ಅಲ್ಲೇ ಉಳಿಯುತ್ತದೆ.

ಹದಿನೈದು ಮನೆ ಸುತ್ತುವ ಪುಸ್ತಕ ಹುಳವನ್ನೂ ಹೊತ್ತು ತರುತ್ತದೆ. ಬಂದ ಪುಸ್ತಕವನ್ನು ನೇರ ಕಪಾಟಿಗೆ ಸೇರಿಸದೆ ಒಂದು ವಾರ ಬೇರೆ ಕಡೆ, ಬಿಳಿ ಹಾಳೆಯ ಮೇಲೆ ಇಡಿ. ಕೆಳಗೆ ಸಣ್ಣ ಪುಡಿ ಉದುರಿದ್ದರೆ ಒಳಗೆ ಕೊರಕ ಹುಳ ಇದೆ ಎಂದರ್ಥ. ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ, ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ಎರಡು ವಾರ ಇಡಿ. ತೆಗೆದ ಮೇಲೆ ಒಂದು ಇಡೀ ದಿನ ಚೀಲ ಬಿಚ್ಚಬೇಡಿ, ಬಿಚ್ಚಿದರೆ ತಣ್ಣನೆಯ ಕಾಗದದ ಮೇಲೆ ನೀರು ಕೂರುತ್ತದೆ. ನುಸಿ ಗುಳಿಗೆ ಇಟ್ಟು ಸಮಾಧಾನಪಟ್ಟುಕೊಳ್ಳುವವರು ಬಹಳ ಜನ. ಅದರ ಹಬೆ ಮಕ್ಕಳಿಗೆ ಒಳ್ಳೆಯದಲ್ಲ, ವಾಸನೆ ಪುಸ್ತಕ ಬಿಟ್ಟು ಹೋಗುವುದೂ ಇಲ್ಲ.

ಮಾತುಕತೆಗೆ ಬರೋಣ, ನಿಜವಾಗಿ ಗುಂಪು ಇರುವುದೇ ಇದಕ್ಕೆ. ಗ್ರಂಥಾಲಯ ಶಾಸ್ತ್ರದ ಎಸ್. ಆರ್. ರಂಗನಾಥನ್ 1931ರಲ್ಲಿ ಮಂಡಿಸಿದ ಐದು ಸೂತ್ರಗಳಲ್ಲಿ ‘ಪ್ರತಿ ಓದುಗನಿಗೂ ಅವನ ಪುಸ್ತಕ’ ಎನ್ನುವುದರ ಜೊತೆಗೇ ‘ಪ್ರತಿ ಪುಸ್ತಕಕ್ಕೂ ಅದರ ಓದುಗ’ ಎನ್ನುವುದೂ ಇದೆ. ‘ಚೆನ್ನಾಗಿದೆ, ಓದಿ’ ಎಂಬ ಮಾತು ಈ ಎರಡನೆಯದನ್ನು ಮಾಡುವುದಿಲ್ಲ, ಯಾಕೆಂದರೆ ಯಾರಿಗೆ ಚೆನ್ನಾಗಿದೆ ಅನ್ನುವುದೇ ಅದರಲ್ಲಿಲ್ಲ. ಗುಂಪಿನಲ್ಲಿ ಹಾಕುವಾಗ ಇಷ್ಟು ಇರಲಿ: ಪುಸ್ತಕದ ಹೆಸರು, ಲೇಖಕರು, ಪ್ರಕಾಶಕರು, ಈಗ ಯಾವ ಪುಟದಲ್ಲಿದ್ದೀರಿ, ಯಾವ ಬಗೆಯ ಓದುಗರಿಗೆ ಹಿಡಿಸಬಹುದು, ಯಾರಿಗೆ ಹಿಡಿಸಲಾರದು, ಯಾವಾಗ ಕೊಡಬಲ್ಲಿರಿ. ‘ಯಾರಿಗೆ ಹಿಡಿಸಲಾರದು’ ಎಂದು ಬರೆಯುವಾಗಲೇ ಜನ ಪುಸ್ತಕದ ಬಗ್ಗೆ ನಿಜವಾದ ಮಾತು ಆಡುತ್ತಾರೆ. ‘ಮೊದಲ ಎಂಬತ್ತು ಪುಟ ವಂಶಾವಳಿ, ತಾಳ್ಮೆ ಇಲ್ಲದವರು ಮುಟ್ಟಬೇಡಿ’ ಎಂಬ ಒಂದು ಸಾಲು ಓದಿ ತಾಳ್ಮೆ ಇರುವ ಇಬ್ಬರು ಅದನ್ನೇ ಕೇಳುತ್ತಾರೆ.

ಇದಕ್ಕೆ ಬೇರೆಯದೇ ಗುಂಪು ಇರಲಿ. ಶುಭೋದಯ, ಹಬ್ಬದ ಶುಭಾಶಯ, ನೀರು ಬಂತಾ ಎಂಬ ವಿಚಾರಣೆಗಳ ನಡುವೆ ಪುಸ್ತಕ ಮುಳುಗಿಹೋಗುತ್ತದೆ.

ತಿಂಗಳಿಗೊಮ್ಮೆ ಒಂದೂವರೆ ಗಂಟೆ ಸೇರಿ. ಹನ್ನೆರಡು ಜನ ಬಂದರೆ ತಲಾ ಐದು ನಿಮಿಷದಂತೆ ಒಂದು ಗಂಟೆ, ಉಳಿದರ್ಧ ಗಂಟೆ ಪುಸ್ತಕ ಬದಲಾಯಿಸಿಕೊಳ್ಳಲು, ಚೀಟಿ ಬರೆಯಲು. ಹೀಗೆ ಸೇರಿದ ದಿನವೇ ಕೊಡುವ ತರುವ ಕೆಲಸ ಮುಗಿಯುವುದರಿಂದ ಮನೆಮನೆ ತಿರುಗಾಟವೂ ತಪ್ಪುತ್ತದೆ. ಇಂಥ ಕೂಟಗಳು ಹಾಳಾಗುವುದು ಕಥೆ ಹೇಳುವುದರಿಂದ. ಒಬ್ಬರು ಕಾದಂಬರಿಯ ಕಥೆಯನ್ನು ಮೊದಲಿನಿಂದ ಹೇಳಲು ಶುರುಮಾಡಿದರೆ ಇಪ್ಪತ್ತು ನಿಮಿಷ ಹೋಯಿತು, ಕೇಳಿದವರು ಆ ಪುಸ್ತಕ ಓದುವುದೂ ಇಲ್ಲ. ಕಥೆ ಹೇಳಬೇಡಿ ಎಂದು ತಡೆಯುವ ಬದಲು ಪ್ರಶ್ನೆ ಬದಲಿಸಿ: ‘ಎಲ್ಲಿ ನಿಂತಿರಿ, ಯಾಕೆ ನಿಂತಿರಿ?’ ಅರ್ಧಕ್ಕೆ ಬಿಟ್ಟ ಪುಸ್ತಕದ ಬಗ್ಗೆ ಮಾತಾಡಲು ಅವಕಾಶ ಸಿಕ್ಕರೆ ಓದದವರೂ ಕೂಟ ತಪ್ಪಿಸಿಕೊಳ್ಳುವುದಿಲ್ಲ.

ಎರಡು ನಿಮಿಷ ಗಟ್ಟಿಯಾಗಿ ಓದುವುದನ್ನೂ ಸೇರಿಸಿ. ಕನ್ನಡಕ್ಕೆ ಇದು ವಿಶೇಷವಾಗಿ ಬೇಕು. ಧಾರವಾಡದ ಕಡೆಯ ಮಾತಿನಲ್ಲಿ ಬರೆದ ಸಂಭಾಷಣೆ ಮೈಸೂರಿನ ಓದುಗರಿಗೆ ಕಣ್ಣಲ್ಲಿ ತೊಡಕು, ಕಿವಿಯಲ್ಲಿ ಸಲೀಸು. ಕುಂದಾಪುರದ ಕನ್ನಡ, ಹವ್ಯಕ ಕನ್ನಡ, ಕಲಬುರಗಿ ಕಡೆಯ ಮಾತು, ಎಲ್ಲಕ್ಕೂ ಇದೇ ಮಾತು. ನಿಮ್ಮ ಬಡಾವಣೆಯಲ್ಲಿ ಆ ಕಡೆಯ ಮನೆಯೊಂದು ಇದ್ದೇ ಇರುತ್ತದೆ. ಅವರಿಂದ ಎರಡು ಪುಟ ಓದಿಸಿ. ಅಲ್ಲಿಯವರೆಗೆ ಯಾರೂ ಮುಟ್ಟದ ಪುಸ್ತಕಕ್ಕೆ ಆ ಸಂಜೆಯೇ ಸರದಿ ಬೆಳೆಯಬಹುದು. ಕಣ್ಣು ಮಂಜಾದ ಹಿರಿಯರಿಗೂ ಇದು ಅನುಕೂಲ, ಅವರು ಸುಮ್ಮನೆ ಕೇಳಲಿಕ್ಕೆ ಬಂದರೂ ಗುಂಪಿನ ಸದಸ್ಯರೇ.

ಪಿಡಿಎಫ್ ವಿಷಯ ನೀವು ಕೇಳಿಲ್ಲ, ಆದರೂ ಬಂದೇ ಬರುತ್ತದೆ. ಕೊಂಡ ಪುಸ್ತಕವನ್ನು ಇನ್ನೊಬ್ಬರಿಗೆ ಓದಲು ಕೊಡುವುದಕ್ಕೆ ಕಾನೂನಿನ ಅಡ್ಡಿ ಏನೂ ಇಲ್ಲ. ಅದರ ಹೊಸ ಪ್ರತಿ ಮಾಡಿ ಹಂಚುವುದು ಬೇರೆ ಮಾತು. ನಮ್ಮಲ್ಲಿ ಕೃತಿಸ್ವಾಮ್ಯ ಲೇಖಕರು ತೀರಿಕೊಂಡ ಮರುವರ್ಷದ ಜನವರಿಯಿಂದ ಎಣಿಸಿ 60 ವರ್ಷ ಇರುತ್ತದೆ. 1963ರಲ್ಲಿ ತೀರಿಕೊಂಡ ತ್ರಿವೇಣಿಯವರ ಕೃತಿಗಳು 2024ರ ಜನವರಿ 1ರಿಂದ ಮುಕ್ತ, 1975ರಲ್ಲಿ ತೀರಿಕೊಂಡ ಡಿವಿಜಿಯವರದು 2035ರ ಕೊನೆಯವರೆಗೆ ಹಕ್ಕಿನಲ್ಲಿದೆ. ಬದುಕಿರುವ ಲೇಖಕರ ಪುಸ್ತಕವನ್ನು ಸ್ಕ್ಯಾನ್ ಮಾಡಿ ಗುಂಪಿಗೆ ಬಿಟ್ಟರೆ, ಸಾವಿರ ಪ್ರತಿಯ ಲೆಕ್ಕದಲ್ಲಿ ಬದುಕುವ ಪ್ರಕಾಶಕರಿಗೆ ಅದು ನೇರ ಏಟು. ಇದೊಂದರಲ್ಲಿ ಸಡಿಲ ಬಿಡಬೇಡಿ.

ಬೇರೆ ಊರಿನ ಇಬ್ಬರನ್ನು ಸೇರಿಸಿಕೊಳ್ಳಲು ಅಂಚೆ ಸಾಕು. ಪುಸ್ತಕಗಳಿಗೆಂದೇ ಅಂಚೆ ಇಲಾಖೆ 2025ರ ಮೇ 1ರಿಂದ ‘ಜ್ಞಾನ್ ಪೋಸ್ಟ್’ ಶುರುಮಾಡಿದೆ. ಆರಂಭದ ದರ 300 ಗ್ರಾಂವರೆಗೆ 20 ರೂಪಾಯಿ, 5 ಕಿಲೋ ತೂಕಕ್ಕೆ 100 ರೂಪಾಯಿ, ತೆರಿಗೆ ಬೇರೆ. ಕಳಿಸುವ ದಿನದ ದರವನ್ನು ಕೌಂಟರಿನಲ್ಲಿ ಕೇಳಿಕೊಳ್ಳಿ. ನೆಲದ ಮೇಲಿನ ಸಾಗಣೆಯಾದ್ದರಿಂದ ನಿಧಾನ, ಆದರೆ ಎಲ್ಲಿದೆ ಎಂದು ನೋಡಲು ಸಂಖ್ಯೆ ಕೊಡುತ್ತಾರೆ. 240 ಪುಟದ ಡೆಮಿ ಪುಸ್ತಕ ಸಾಮಾನ್ಯವಾಗಿ 300 ಗ್ರಾಂ ಆಚೀಚೆ ತೂಗುತ್ತದೆ, ಕಟ್ಟುವ ರಟ್ಟಿನಿಂದ ಮುಂದಿನ ದರಕ್ಕೆ ಹತ್ತಬಹುದು. ಒಬ್ಬರಿಗೆ ಎರಡೇ ಪುಸ್ತಕ ಎಂಬ ಮಿತಿಯನ್ನು ಇವರಿಗೆ ಸಡಿಲಿಸಿ, ಒಂದೊಂದೇ ಕಳಿಸುವ ಬದಲು ನಾಲ್ಕೈದನ್ನು ಒಟ್ಟಿಗೆ ಕಳಿಸಿ, ಅವರಿಗೆ ಮೂರು ತಿಂಗಳ ಅವಧಿ ಕೊಡಿ. ಹೋಗುವ ಖರ್ಚು ಕೊಡುವವರದು, ಬರುವ ಖರ್ಚು ಓದಿದವರದು ಎಂದು ಮೊದಲೇ ಮಾತಾಗಿರಲಿ.

ಕಟ್ಟುವಾಗ ಪುಸ್ತಕಗಳನ್ನು ಮೊದಲು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಮೇಲೆ ಕೆಳಗೆ ಪುಸ್ತಕಕ್ಕಿಂತ ಒಂದು ಸೆಂ.ಮೀ. ದೊಡ್ಡದಾದ ರಟ್ಟಿನ ತುಂಡು ಇಡಿ. ಪೆಟ್ಟು ಬೀಳುವುದು ಮೂಲೆಗೇ, ಆ ಒಂದು ಸೆಂ.ಮೀ. ಅದನ್ನು ತಾನು ತಿನ್ನುತ್ತದೆ. ದಾರ ಕಟ್ಟುವುದಾದರೆ ರಟ್ಟಿನ ಮೇಲೆ ಮಾತ್ರ, ಪುಸ್ತಕದ ಅಂಚಿಗೆ ಬಿಗಿದರೆ ಗಾಯ ಬೀಳುತ್ತದೆ. ಒಳಗೆ ಕಾಗದ ಪತ್ರ ಇಡಬೇಡಿ, ಪುಸ್ತಕದ ದರದಲ್ಲಿ ಪತ್ರ ಹೋಗುವಂತಿಲ್ಲ. ಇವರ ಚೀಟಿಯಲ್ಲಿ ಹೆಸರನ್ನು ನೀವೇ ಬರೆಯಬೇಕಾಗುತ್ತದೆ, ಪಕ್ಕದಲ್ಲಿ ಅಂಚೆ ಸಂಖ್ಯೆಯನ್ನೂ ಬರೆದಿಡಿ. ಕಟ್ಟು ತಲುಪಿದ ದಿನ ಅವರು ಪುಸ್ತಕಗಳ ಫೋಟೊ ಹಾಕಿದರೆ ಅವಧಿ ಅಂದಿನಿಂದ ಶುರು.